ಅರ್ಥಸಂಕಟದ ಕಾಲದಲ್ಲಿ ಏಡ್ಸ್ ನಿವಾರಣೆಯ ಧನ: ಒಂದು ಐತಿಹಾಸಿಕ ವಿವೇಚನೆ

ರಾಷ್ಟ್ರವೊಂದರ ಬೊಕ್ಕಸ ಬರಿದಾಗುತ್ತ ಬಂದಾಗ ಆರೋಗ್ಯದ ಬಾಬ್ತಿನಲ್ಲಿ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ ಎಂಬ ಪ್ರಶ್ನೆಯನ್ನು ಏಡ್ಸ್ ಕಾರ್ಯಕ್ರಮಗಳ ಚರಿತ್ರೆಯನ್ನು ಮುಂದಿರಿಸಿಕೊಂಡು ವಿಚಾರಿಸಿದರೆ, ಉತ್ತರವು ಬಹುಮಟ್ಟಿಗೆ ಒಂದೇ ಆಗಿ ಕಾಣಬರುತ್ತದೆ: ರೋಗಿಗೆ ಕೊಡುವ ಔಷಧದ ಹಣವು ಕಷ್ಟದಿಂದಲಾದರೂ ಉಳಿದುಕೊಳ್ಳುತ್ತದೆ, ರೋಗ ಬಾರದಂತೆ ತಡೆಯುವ ಹಣವು ಸದ್ದಿಲ್ಲದೆ ಸೋರಿಹೋಗುತ್ತದೆ. ಗುಳಿಗೆಗಾಗಿ ಬಂದವನು ಬರಿಗೈಯಲ್ಲಿ ಮರಳಿದರೆ ಅದನ್ನು ಕಂಡು ಕೇಳುವವರಿರುತ್ತಾರೆ. ತಡೆಯ ಕೆಲಸ ನಿಂತುದರಿಂದ ಸೋಂಕು ತಗುಲಿದರೆ, ತಗುಲಿಸಿಕೊಂಡವನಿಗೇ ಅದು ಎಷ್ಟೋ ವರ್ಷಗಳವರೆಗೆ ತಿಳಿಯದು. ಕಾರಣಕ್ಕೂ ಕಾರ್ಯಕ್ಕೂ ನಡುವಣ ಈ ದೀರ್ಘವಾದ ಕಾಲವ್ಯವಧಾನವೇ ಆಯವ್ಯಯ ರಚಿಸುವವರಿಗೆ ಆಶ್ರಯವಾಗಿ ಒದಗಿದೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಥಾಯ್ಲೆಂಡಿನದು. 1991ರಲ್ಲಿ ಪ್ರಧಾನಿ ಆನಂದ್ ಪನ್ಯಾರಚುನ್ ಅವರು ಏಡ್ಸ್ ಸಮಿತಿಯ ಅಧ್ಯಕ್ಷತೆಯನ್ನು ತಾವೇ ವಹಿಸಿ, ಕುಟುಂಬ ಯೋಜನೆಯ ಪ್ರಚಾರದಿಂದ ಹೆಸರಾಗಿದ್ದ ಮೆಚಾಯ್ ವೀರವೈದ್ಯರನ್ನು ಈ ಕಾರ್ಯದಲ್ಲಿ ತೊಡಗಿಸಿ, ಆಕಾಶವಾಣಿ ದೂರದರ್ಶನಗಳಲ್ಲಿ ನಿರಂತರ ಪ್ರಚಾರ ಮಾಡಿಸಿ, ವೇಶ್ಯಾಗೃಹಗಳಲ್ಲಿ ಶೇಕಡಾ ನೂರರಷ್ಟು ಕಾಂಡೋಮ್ ಬಳಕೆಯ ನಿಯಮವನ್ನು ದೇಶವ್ಯಾಪಿಯಾಗಿ ಜಾರಿಗೆ ತಂದುದರ ಫಲವಾಗಿ, 1991ರಲ್ಲಿ ಸುಮಾರು 1,43,000ದಷ್ಟಿದ್ದ ಹೊಸ ಸೋಂಕುಗಳು 2003ರ ವೇಳೆಗೆ ಸುಮಾರು 19,000ಕ್ಕೆ ಇಳಿದುವು. ಇಂಥ ಸಾಧನೆಯ ನಟ್ಟನಡುವೆ, 1997ರ ಜುಲೈ 2ರಂದು ಬಾತ್ ನಾಣ್ಯವನ್ನು ಡಾಲರಿನ ಕಟ್ಟಿನಿಂದ ಬಿಡಬೇಕಾಗಿ ಬಂದಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ನೆರವು ಅದರ ಕಟ್ಟುಪಾಡುಗಳೊಡನೆ ಬಂದಿತು. ಸರ್ಕಾರದ ವೆಚ್ಚಗಳೆಲ್ಲ ಮೊಟಕಾದುವು. ಏಡ್ಸ್ ಕಾರ್ಯಕ್ರಮದ ಹಣವೂ ಗಣನೀಯವಾಗಿ ಕುಗ್ಗಿತು. ಆದರೆ ಆ ಕುಗ್ಗುವಿಕೆ ಎಲ್ಲ ಬಾಬ್ತುಗಳ ಮೇಲೂ ಸಮನಾಗಿ ಬೀಳಲಿಲ್ಲವೆಂಬುದೇ ಗಮನಾರ್ಹ. ಹಿಂದಿನ ದಶಕದ ಸೋಂಕಿತರು ಆಸ್ಪತ್ರೆಗಳಿಗೆ ಬರತೊಡಗಿದ್ದ ಕಾಲವಾದುದರಿಂದ ಚಿಕಿತ್ಸೆಯ ಪಾಲು ಏರಿ, 2000ದ ವೇಳೆಗೆ ತಡೆಗಟ್ಟುವಿಕೆಯ ಪಾಲು ಒಟ್ಟು ಹಣದ ಹತ್ತನೆಯ ಒಂದಂಶವನ್ನೂ ಮುಟ್ಟದಂತಾಯಿತು. ಸೂಜಿಯಿಂದ ಮಾದಕವಸ್ತು ಸೇವಿಸುವವರ ಪಾಲಿಗಂತೂ ಸಮೃದ್ಧಿಯ ಕಾಲದಲ್ಲಿಯೇ ಕೊಟ್ಟದ್ದು ಅತ್ಯಲ್ಪ. ಸಂಕಟದ ಕಾಲದಲ್ಲಿ ಅವರನ್ನು ನೆನೆಯುವವರಾರು? ಮುಂದೆ ದೇಶವು ಚೇತರಿಸಿಕೊಂಡು, ಸರ್ಕಾರಿ ಔಷಧ ಸಂಸ್ಥೆಯಲ್ಲಿಯೇ ಸಂಯುಕ್ತ ಗುಳಿಗೆಯನ್ನು ತಯಾರಿಸಿ ಚಿಕಿತ್ಸೆಯನ್ನು ವಿಸ್ತರಿಸಿದುದು ಹೆಮ್ಮೆಯ ಅಧ್ಯಾಯವೇ ಸರಿ. ಆದರೆ ಕಳೆದುಹೋದ ಆ ವರ್ಷಗಳ ಪ್ರಚಾರಕಾರ್ಯವನ್ನು ಯಾವ ಗುಳಿಗೆಯೂ ತುಂಬಿಕೊಡಲಾರದು.

2008ರ ಜಾಗತಿಕ ಕುಸಿತದಲ್ಲಿ ಪೆಟ್ಟು ಬಿದ್ದುದು ದಾನಿರಾಷ್ಟ್ರಗಳಿಗೆ. ದಾನಿ ಸರ್ಕಾರಗಳು ಏಡ್ಸ್ ಕಾರ್ಯಕ್ಕೆ ಕೊಟ್ಟ ಹಣವು 2009ರಲ್ಲಿ 760 ಕೋಟಿ ಡಾಲರ್ ಇದ್ದುದು 2010ರಲ್ಲಿ 690 ಕೋಟಿಗೆ ಇಳಿಯಿತು. ಅದುವರೆಗೆ ವರ್ಷವರ್ಷವೂ ಏರುತ್ತಲೇ ಬಂದಿದ್ದ ಮೊತ್ತ ಹಿಂದಿನ ವರ್ಷವಷ್ಟೆ ಏರದೆ ನಿಂತಿತ್ತು. ದುರ್ದೈವದ ಸಂಗತಿಯೆಂದರೆ, 2011ರ ಮೇ ತಿಂಗಳಿನಲ್ಲಿ ವಿಜ್ಞಾನವು ತನ್ನ ಅತ್ಯಂತ ಆಶಾದಾಯಕವಾದ ಶೋಧವನ್ನು, ಅಂದರೆ ಸೋಂಕಿತರಿಗೆ ಬೇಗನೆ ಔಷಧ ಆರಂಭಿಸಿದರೆ ಅವರಿಂದ ಸಂಗಾತಿಗೆ ಸೋಂಕು ಹರಡುವ ಸಂಭವವು ಶೇಕಡಾ 96ರಷ್ಟು ಕುಗ್ಗುತ್ತದೆಂಬುದನ್ನು, ಪ್ರಕಟಿಸಿದ ವರ್ಷದಲ್ಲಿಯೇ, ಜಿನೀವಾದ ಗ್ಲೋಬಲ್ ಫಂಡ್ ಸಂಸ್ಥೆಯು ತನ್ನ ಹನ್ನೊಂದನೆಯ ಸುತ್ತಿನ ಅನುದಾನವನ್ನು ನವೆಂಬರಿನಲ್ಲಿ ರದ್ದುಪಡಿಸಬೇಕಾಯಿತು. ತಡೆಯೂ ಚಿಕಿತ್ಸೆಯೂ ಒಂದೇ ಎಂದು ಪ್ರಯೋಗ ತೋರಿಸಿದ ಘಳಿಗೆಯಲ್ಲಿ ಹಣದ ಕೈ ಹಿಂದೆ ಸರಿದುದು ಈ ಚರಿತ್ರೆಯ ಅತ್ಯಂತ ನೋವಿನ ಪುಟವೆಂದು ನಾನು ಭಾವಿಸುತ್ತೇನೆ.

ಅದೇ ಅರ್ಥಸಂಕಟಕ್ಕೆ ಸಿಕ್ಕಿದ ಗ್ರೀಸಿನಲ್ಲಿ ಕಾರಣಕ್ಕೂ ಕಾರ್ಯಕ್ಕೂ ನಡುವಣ ಕಾಲವ್ಯವಧಾನವೂ ಮೊಟಕಾಗಿದ್ದಿತು. ಸೂಜಿಯಿಂದ ಮಾದಕವಸ್ತು ಸೇವಿಸುವವರಲ್ಲಿ ಹಿಂದೆ ವರ್ಷಕ್ಕೆ ಇಪ್ಪತ್ತನ್ನು ಮೀರದಿದ್ದ ಹೊಸ ಎಚ್‌ಐವಿ ಪ್ರಕರಣಗಳು 2011ರಲ್ಲಿ ಇನ್ನೂರನ್ನು ದಾಟಿದುವು. ಅಥೆನ್ಸಿನಲ್ಲಿ ಶುದ್ಧ ಸೂಜಿಗಳ ವಿತರಣೆ ಸಂಕಟಕ್ಕೆ ಮುಂಚೆಯೇ ಸಾಲದಾಗಿದ್ದಿತಾದ್ದರಿಂದ, ಎಲ್ಲ ದೋಷವನ್ನೂ ಮಿತವ್ಯಯನೀತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ನಿರುದ್ಯೋಗ, ನಿರ್ವಸತಿ, ಆರೋಗ್ಯವೆಚ್ಚದ ಕಡಿತ ಈ ಮೂರೂ ಒಂದೇ ಬೀದಿಯಲ್ಲಿ ಕೂಡಿದುವು.

ನಮ್ಮ ದೇಶದ ಕಥೆ ತುಸು ಬೇರೆ. 1991ರ ವಿದೇಶೀ ವಿನಿಮಯದ ಬಿಕ್ಕಟ್ಟಿನ ಮರುವರ್ಷವೇ, ವಿಶ್ವಬ್ಯಾಂಕಿನ 8.4 ಕೋಟಿ ಡಾಲರ್ ಸಾಲದ ಬಲದಿಂದ ನಮ್ಮ ಮೊದಲನೆಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಜನ್ಮ ತಳೆಯಿತು. ತರುವಾಯ 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆಯು ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ, ಔಷಧಕ್ಕಿಂತ ಹೆಚ್ಚಾಗಿ ತಡೆಯ ಕೆಲಸವನ್ನೇ ಕೈಗೊಂಡಿತು; ಮೈಸೂರಿನ ‘ಅಶೋದಯ ಸಮಿತಿ’ಯಂಥ ಸಂಘಟನೆಗಳಲ್ಲಿ ಲೈಂಗಿಕ ಕಾರ್ಯಕರ್ತೆಯರೇ ತಮ್ಮ ಜೊತೆಯವರಿಗೆ ತಿಳಿವಳಿಕೆ ಹೇಳುವ, ಪರೀಕ್ಷೆಗೆ ಕರೆದೊಯ್ಯುವ ಕ್ರಮ ಬೇರೂರಿತು. 2003ರಿಂದ 2008ರವರೆಗೆ ಈ ಯೋಜನೆ ಸುಮಾರು ಒಂದು ಲಕ್ಷ ಸೋಂಕುಗಳನ್ನು ತಪ್ಪಿಸಿತೆಂದು 2011ರ ಒಂದು ಅಧ್ಯಯನ ಅಂದಾಜು ಮಾಡಿತು. ಬಳಿಕ ಈ ಕಾರ್ಯವೆಲ್ಲ ಹಂತಹಂತವಾಗಿ ಸರ್ಕಾರದ ಕೈಗೆ ಬಂದಿತು. ದಾನಿಗಳು ಹಿಂಜರಿದ ಕಾಲದಲ್ಲಿ ನಮ್ಮ ಬೊಕ್ಕಸವೇ ಮುಂದೆ ಬಂದುದನ್ನು ಮೆಚ್ಚದಿರಲಾಗದು. 2021ರಿಂದ 2026ರವರೆಗಿನ, ರಾಷ್ಟ್ರೀಯ ಕಾರ್ಯಕ್ರಮದ ಐದನೆಯ ಹಂತದ 15,471.94 ಕೋಟಿ ರೂಪಾಯಿಗಳನ್ನು ಕೇಂದ್ರ ಸರ್ಕಾರವೇ ಪೂರ್ತಿಯಾಗಿ ಭರಿಸುವಂತೆ ಗೊತ್ತುಪಡಿಸಲಾಯಿತು.

ಆದಕಾರಣ ಮುಂದಿನ ಆರ್ಥಿಕ ಹಿನ್ನಡೆಯಲ್ಲಿ ಕೈಚಾಚಲು ಅಥವಾ ದೂರಲು ಹೊರಗಿನ ದಾನಿ ಇರುವುದಿಲ್ಲ. ಆಯವ್ಯಯ ಪತ್ರವನ್ನು ಪರಿಶೀಲಿಸುವ ಶಾಸಕರೂ ಪತ್ರಿಕಾಕರ್ತರೂ ಸಂಶೋಧಕರೂ ಒಟ್ಟು ಮೊತ್ತವನ್ನು ನೋಡಿ ಸಮಾಧಾನಪಡದೆ, ಅದರಲ್ಲಿ ತಡೆಗಟ್ಟುವ ಕೆಲಸಕ್ಕೆ ಇರಿಸಿದ ಪಾಲೆಷ್ಟು, ಹಿಂದಿನ ವರ್ಷ ಅದೆಷ್ಟಿದ್ದಿತು ಎಂಬುದನ್ನು ಪ್ರತಿವರ್ಷವೂ ತಪ್ಪದೆ ಕೇಳಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇನೆ.