ಮದ್ದಿನ ಕೊಂಬು: ಸುರಪುರದ ಇತಿಹಾಸಕ್ಕೊಂದು ಕೈಗೆಲಸದ ಸಾಕ್ಷ್ಯ

ಕ್ರಿ. ಶ. 1705ರ ಫೆಬ್ರವರಿಯಲ್ಲಿ ಔರಂಗಜೇಬ ಪಾದಶಹನು ತಾನೇ ದಂಡೆತ್ತಿ ಬಂದು ಸುರಪುರದ ಸಮೀಪದ ವಾಗಣಗೇರಿಯ ಕೋಟೆಯನ್ನು ಮುತ್ತಿದನು. ಏಪ್ರಿಲ್ ಕಡೆಯವರೆಗೆ ಕೋಟೆಯು ಕೈಸೇರಲಿಲ್ಲ; ಸೇರಿದಾಗಲೂ ಬೇಡರ ದೊರೆ ಪಿಡ್ಡನಾಯಕನು ಸೆರೆಸಿಕ್ಕಲಿಲ್ಲ. ಪಾದಶಹನು ಸ್ವತಃ ನಡೆಸಿದ ಯುದ್ಧಗಳಲ್ಲಿ ಇದೇ ಕಡೆಯದು. ಬೇಡರು ಗುರಿತಪ್ಪದ ಕೋವಿಕಾರರೆಂಬುದು ಆ ಕಾಲದಲ್ಲಿ ಪ್ರಸಿದ್ಧವಾಗಿದ್ದಿತು. ಆದರೆ ಈ ಮುತ್ತಿಗೆಯ ವಿಸ್ತಾರವಾದ ವೃತ್ತಾಂತವು ನಮಗೆ ದೊರೆಯುವುದು ಮೊಗಲರ ಪಕ್ಷದ ಪಾರಸಿ ಲೇಖಕರಿಂದ. ಕೋಟೆಯೊಳಗಿನ ಕೋವಿಕಾರನು ಮದ್ದನ್ನು ಹೇಗೆ ಕಾದುಕೊಂಡನೆಂಬುದನ್ನು ತಿಳಿಯಲು ಗ್ರಂಥಗಳನ್ನು ಬಿಟ್ಟು ವಸ್ತುವನ್ನೇ ವಿಚಾರಿಸಬೇಕಾಗುತ್ತದೆ.

ಶುಕ್ರನೀತಿಯಲ್ಲಿ ಪೆಟ್ಲುಪ್ಪು 5 ಪಲ, ಗಂಧಕ 1 ಪಲ, ಎಕ್ಕ ಕಳ್ಳಿ ಮೊದಲಾದವುಗಳ ಇದ್ದಿಲು 1 ಪಲವೆಂದು ಮದ್ದಿನ ಪಾಕವನ್ನು ಹೇಳಿದೆ. ಆ ಭಾಗವು ಅರ್ವಾಚೀನವೆಂಬುದು ಅನೇಕ ವಿದ್ವಾಂಸರ ಮತ. ಅದೆಂತಿದ್ದರೂ, ಗ್ರಂಥದಿಂದ ಪಾಕವನ್ನು ತಿಳಿಯಬಹುದಲ್ಲದೆ ಕೈಯ ಹದವನ್ನು ತಿಳಿಯಲಾಗದು. ಪಾಠಶಾಲೆಯಲ್ಲಿ ಬೆಳೆದ ನಾನು ಇದನ್ನು ಅರಿತದ್ದು ಐವತ್ತು ದಾಟಿದ ಮೇಲೆ, ಒಂದು ಕೊಂಬನ್ನು ಕೈಯಾರೆ ಮಾಡಲು ಕುಳಿತಾಗ.

ಬತ್ತಿಯಿಂದ ಹೊತ್ತಿಸುವ ಕೋವಿಯನ್ನು ಹಿಡಿದವನ ಬಳಿಯಲ್ಲಿ ಉರಿಯುವ ಬತ್ತಿಯು ಸದಾ ಇರುತ್ತದೆ. ಮದ್ದಿನ ಪಾತ್ರೆಯು ಅದಕ್ಕೆ ಗೇಣಿನ ದೂರದಲ್ಲಿದ್ದೀತು. ಪಾತ್ರೆಯ ಬಾಯಿ ಚಿಕ್ಕದಾಗಿರಬೇಕು, ಬಿರಡೆಯು ಬಿಗಿಯಾಗಿರಬೇಕು, ಒಳಗೆ ತೇವವು ಸೇರಬಾರದು. ಕೊಂಬು ಹಗುರವಾದುದು, ನೀರನ್ನು ಒಳಗೆ ಬಿಡದು, ಕಬ್ಬಿಣದಂತೆ ಕಿಡಿಯನ್ನು ಹಾರಿಸದು. ನಳಿಗೆಗೆ ಸುರಿಯುವ ಒರಟು ಮದ್ದಿಗೆ ದೊಡ್ಡದೊಂದು, ಕಿವಿಯ ಬಟ್ಟಲಿಗೆ ಹಾಕುವ ನುಣುಪು ಮದ್ದಿಗೆ ಚಿಕ್ಕದೊಂದು, ಹೀಗೆ ಎರಡು ಪಾತ್ರೆಗಳನ್ನಿಟ್ಟುಕೊಳ್ಳುವ ವಾಡಿಕೆಯುಂಟು.

ಈ ಕೆಲಸವನ್ನು ವಿನೋದಕ್ಕಾಗಿ ಆರಂಭಿಸುವವರಿಗೆ ಕ್ರಮವಿದು. ತಾನಾಗಿ ಸತ್ತ ಎತ್ತಿನ ಅಥವಾ ಎಮ್ಮೆಯ ಕೊಂಬನ್ನು ಆರಿಸಬೇಕು. ಕೃಷ್ಣಮೃಗದ ಕೊಂಬನ್ನು ಮುಟ್ಟಲಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಅದನ್ನು ನಿಷೇಧಿಸಿದೆ. ಕೊಂಬನ್ನು ನೀರಿನಲ್ಲಿ ಬೇಯಿಸಿದರೆ ಒಳಗಿನ ಎಲುಬು ಸಡಿಲವಾಗಿ ಕಳಚುತ್ತದೆ. ತುದಿಯನ್ನು ಗರಗಸದಿಂದ ಕೊಯ್ದು, ಒಳಗಿನ ಟೊಳ್ಳು ಎಲ್ಲಿಗೆ ಮುಗಿಯುವುದೆಂಬುದನ್ನು ತಂತಿಯಿಂದ ಅಳೆದು, ಅಲ್ಲಿಯವರೆಗೆ ಬೈರಿಗೆಯಿಂದ ಕೊರೆಯಬೇಕು. ಬುಡವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮರದ ಬಿಲ್ಲೆಯನ್ನು ಸೇರಿಸಿ, ಸಂದನ್ನು ಜೇನುಮೇಣದಿಂದ ಮುಚ್ಚಬೇಕು. ಹೊರಮೈಯನ್ನು ಅರದಿಂದ ಕೆರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಅವಶ್ಯ. ಎತ್ತಿನ ಬಿಳಿಗೊಂಬು ತೆಳುವಾದಂತೆ ಒಳಗಿನದು ನೆರಳಾಗಿ ಕಾಣುತ್ತದೆ. ನಾನು ಅವಸರಪಟ್ಟು ಮೊದಲ ಕೊಂಬನ್ನು ಬೆಂಕಿಗೇ ಒಡ್ಡಿದೆನು, ಅದು ಸೀಳಿಹೋಯಿತು.

ಎರಡನೆಯದು ನಿಂತಿತು. ಅದಕ್ಕೆ ಮದ್ದನ್ನು ತುಂಬುವ ಮಾತೇ ಇಲ್ಲ. ಅದು ಅಪಾಯ, ಕಾನೂನಿಗೂ ವಿರುದ್ಧ. ರಾಗಿಯನ್ನು ತುಂಬಿ ಅಳತೆಗೊಳವೆಗೆ ಸುರಿದು ಎಣಿಸಿದೆನು. ಒಂದು ಕೊಂಬಿಗೆ ಎಷ್ಟು ಈಡುಗಳೆಂಬ ಲೆಕ್ಕವು ಹೀಗೆ ಕೈಗೆ ಬರುತ್ತದೆ. ಮೂರು ತಿಂಗಳ ಮುತ್ತಿಗೆಯಲ್ಲಿ ಕೋವಿಕಾರನು ಪ್ರತಿ ಈಡನ್ನೂ ಏಕೆ ಎಣಿಸಿ ಹಾರಿಸಬೇಕಾಗಿದ್ದಿತೆಂಬುದು ಆಗ ಮನಸ್ಸಿಗೆ ಹೊಳೆಯುತ್ತದೆ.

1857ರ ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲೊಲ್ಲದೆ ಕಾದಿದರು. 1858ರಲ್ಲಿ ಸುರಪುರವು ಆಂಗ್ಲರ ವಶವಾಯಿತು; ರಾಜಾ ವೆಂಕಟಪ್ಪನಾಯಕನು ಅದೇ ವರ್ಷ ತೀರಿಕೊಂಡನು. 1878ರ ಆಯುಧಗಳ ಕಾನೂನು ಲೈಸೆನ್ಸಿಲ್ಲದವನ ಕೈಯಿಂದ ಕೋವಿಯನ್ನು ಬಿಡಿಸಿತು. ಕೋವಿಯಿಲ್ಲದ ಮನೆಯಲ್ಲಿ ಕೊಂಬಿಗೆ ಬೆಲೆಯೇನು? ಅಟ್ಟದ ಮೇಲಿನ ಹಳೆಯ ಸಾಮಾನಿನೊಡನೆ ಅದೂ ಹೋಗುವುದು ಸಹಜ.

ಆದಕಾರಣ ಯಾದಗಿರಿ, ಶಹಾಪುರ, ಸುರಪುರದ ಇತಿಹಾಸಪ್ರಿಯರಲ್ಲಿ ನನ್ನ ವಿಜ್ಞಾಪನೆ: ಇಂಥ ಕೊಂಬು ಕಂಡಲ್ಲಿ ಅದನ್ನು ತೊಳೆಯದೆ, ಬಣ್ಣ ಬಳಿಯದೆ, ಉದ್ದ, ಬಾಯಗಲ, ಬಿರಡೆಯ ರೀತಿ, ಸಿಕ್ಕಿದ ಊರು ಇವುಗಳನ್ನು ಬರೆದಿಡಿರಿ. ಬಿಡುವಿದ್ದವರು ತಾವೂ ಒಂದನ್ನು ಮಾಡಿ ನೋಡಿರಿ. ತಾನೇ ಮಾಡಿದವನಿಗೆ ಹಳೆಯ ಕೊಂಬಿನ ಗೀರು ಯಾವುದು, ಬಿರುಕು ಯಾವುದು ಎಂದು ತಿಳಿಯುತ್ತದೆ. ವೈರಿಗಳು ಬರೆದ ಇತಿಹಾಸಕ್ಕೆ ನಮ್ಮವರ ಕೈಯ ಸಾಕ್ಷ್ಯವನ್ನು ಸೇರಿಸಲು ಇದೊಂದು ಮಾರ್ಗ.