ಎಂಜಿನ್ನಿನ ಉಸಿರು

ಸುಮಾರು 1984ರ ಮಾತು. ಹಾಸನದಲ್ಲಿ ಅಧ್ಯಾಪಕನಾಗಿದ್ದ ನನ್ನ ಸಹೋದ್ಯೋಗಿಯೊಬ್ಬರು ಹಳೆಯ ಬುಲೆಟ್ ಮೋಟಾರ್‌ಸೈಕಲ್ಲೊಂದನ್ನು ಕೊಂಡರು. ಅದು ನಿಂತಲ್ಲೆಲ್ಲ ಎಣ್ಣೆಯ ಮುದ್ರೆಯೊತ್ತುತ್ತಿತ್ತು. ಮನೆಯೊಡತಿಯ ರಂಗೋಲಿಯ ನಡುವೆ ದಿನವೂ ಒಂದು ಕಪ್ಪು ಬೊಟ್ಟು. ಬೇಸತ್ತ ಮಿತ್ರರು ಯಾರದೋ ಸಲಹೆಯಂತೆ ಎಣ್ಣೆ ಸುರಿಸುತ್ತಿದ್ದ ಕೊಳವೆಗೆ ಬಿರಡೆ ಜಡಿಸಿದರು. ಮೂರನೆಯ ದಿನ ಬೇಲೂರಿನ ದಾರಿಯಲ್ಲಿ ಒಳಗಿನ ಸೀಲು ಕಿತ್ತು, ಎಣ್ಣೆ ಹಿಂದಿನ ಗಾಲಿಗೆ ಹಾರಿ, ತಿರುವಿನಲ್ಲಿ ನಾವಿಬ್ಬರೂ ಮಣ್ಣುಮುಕ್ಕಿದೆವು. ಅವರ ಕಾಲಿನ ಮೂಳೆ ಮುರಿಯಿತು. ಬಂಡಿಯನ್ನು ನೋಡಿದ ವೃದ್ಧ ಮೆಕ್ಯಾನಿಕ್ ಅಂದದ್ದು ಒಂದೇ ಮಾತು: “ಮೂಗು ಮುಚ್ಚಿದ್ರೆ ಬಾಯಿ ತೆರೀದೆ ಇರುತ್ತಾ, ಮೇಷ್ಟ್ರೇ?”

ಆ ಮೂಗಿಗೆ ಬ್ರೀದರ್ ಎಂದು ಹೆಸರು. ಅದರ ಚರಿತ್ರೆಯನ್ನು ಅರಸುವ ಹುಚ್ಚು ನನಗೆ ಹತ್ತಿದ್ದು ಅಂದಿನಿಂದ. ಕನ್ನಡ ಮೇಷ್ಟರಿಗೆ ಇದೆಲ್ಲಿಯ ಉಸಾಬರಿ ಎಂದು ನೀವು ಕೇಳಬಹುದು. ನನ್ನ ಮನೆಯಲ್ಲಿಯೂ ಕೇಳಿದ್ದುಂಟು.

ಸಿಲಿಂಡರಿನೊಳಗೆ ಪಿಸ್ಟನ್ ಕೆಳಗಿಳಿದಾಗ ಅದರ ಅಡಿಯಲ್ಲಿರುವ ಗಾಳಿಗೆ ಎಡೆ ಸಾಲದು. ಬುಲೆಟ್ಟಿನ 350ರ ಎಂಜಿನ್ನಿನಲ್ಲಿ ಸಿಲಿಂಡರಿನ ವ್ಯಾಸ 70 ಮಿಲಿಮೀಟರ್, ಪಿಸ್ಟನ್ನಿನ ಓಟ 90. ಅಂದರೆ ಪ್ರತಿ ಇಳಿತಕ್ಕೂ 346 ಘನ ಸೆಂಟಿಮೀಟರು ಗಾಳಿ ಕ್ರ್ಯಾಂಕ್‌ಕೇಸಿನಲ್ಲಿ ಒತ್ತರಿಸಲ್ಪಡುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇದು ಸೆಕೆಂಡಿಗೆ 50 ಸಲ. ಇದರ ಮೇಲೆ, ಸವೆದ ರಿಂಗುಗಳ ಸಂದಿಯಿಂದ ಉರಿದ ಅನಿಲವೂ ನುಸುಳಿ ಬರುತ್ತದೆ. ಒಳಗೆಲ್ಲ ಎಣ್ಣೆಯ ಮಂಜು ತುಂಬಿರುವುದರಿಂದ ಹೊರಟ ಉಸಿರು ಬರಿಗೈಯಲ್ಲಿ ಹೊರಡುವುದಿಲ್ಲ.

ಶತಮಾನದ ಆದಿಯಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ. ಸವಾರನು ಓಡಿಸುತ್ತಲೇ ಕೈಪಂಪಿನಿಂದ ಎಣ್ಣೆಯನ್ನು ಎಂಜಿನ್ನಿಗೆ ಊಡುತ್ತಿದ್ದ. ಅದರಲ್ಲಿ ಒಂದು ಪಾಲು ಉರಿದು ಹೊಗೆಯಾಗುತ್ತಿತ್ತು, ಉಳಿದದ್ದು ಸೋರಿಹೋಗುತ್ತಿತ್ತು. ಹೋದ ಎಣ್ಣೆ ಮರಳಿ ಬಾರದು. ಬ್ರೀದರಿನ ತೊಟ್ಟನ್ನು ಚೈನಿನ ಮೇಲೆ ಬೀಳುವಂತೆ ಮಾಡಿದ ಜಾಣರೂ ಇದ್ದರು. ಎಣ್ಣೆಯನ್ನು ಪಂಪಿನಿಂದ ಹಿಂದಕ್ಕೆಳೆದು ಮತ್ತೆ ಬಳಸುವ ಪದ್ಧತಿ ಬೇರೂರಿದ ಮೇಲೆ, ಹೊರಬಿದ್ದ ಪ್ರತಿ ತೊಟ್ಟೂ ನಷ್ಟವೆನಿಸಿತು.

ಪರಿಹಾರವೆಂದರೆ ಉಸಿರನ್ನು ಹೊರಬಿಡಬೇಕು, ಒಳಗೆ ಬಿಡಬಾರದು. ಆಗ ಕ್ರ್ಯಾಂಕ್‌ಕೇಸಿನಲ್ಲಿ ಒಂದಿಷ್ಟು ನಿರ್ವಾತ ನೆಲೆಸಿ, ಎಣ್ಣೆ ಹೊರಗೆ ಜಿನುಗುವ ಬದಲು ಒಳಗೇ ಉಳಿಯುತ್ತದೆ. 1937ರಲ್ಲಿ ಹೊರಬಂದ ಟ್ರಯಂಫ್ ಸ್ಪೀಡ್ ಟ್ವಿನ್ನಿನಲ್ಲಿ ಎರಡು ಪಿಸ್ಟನ್ನುಗಳೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದುದರಿಂದ ಉಬ್ಬಸ ಹೆಚ್ಚು. ಟ್ರಯಂಫಿನವರು ಕ್ಯಾಮ್‌ಶಾಫ್ಟಿನ ತುದಿಯಲ್ಲಿ ತಿರುಗುವ ಬಿಲ್ಲೆಯೊಂದನ್ನಿಟ್ಟು, ಸರಿಯಾದ ಗಳಿಗೆಗೆ ಬಾಗಿಲು ತೆರೆದು ಮುಚ್ಚುವಂತೆ ಮಾಡಿದರು. ಇಂಗ್ಲೆಂಡಿನ ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್‌ನವರದು ಇನ್ನೂ ಸರಳ: ಕ್ರ್ಯಾಂಕ್‌ಕೇಸಿನ ರಂಧ್ರಗಳ ಮೇಲೆ ತೆಳುವಾದ ಉಕ್ಕಿನ ಬಿಲ್ಲೆಗಳು. ಒಳಗಿನ ಒತ್ತಡಕ್ಕೆ ಅವು ಏಳುತ್ತವೆ, ಒತ್ತಡ ಇಳಿದೊಡನೆ ಕೂರುತ್ತವೆ. ಬಿಲ್ಲೆಯಡಿ ಕಸ ಸಿಕ್ಕಿತೋ, ವ್ಯವಸ್ಥೆಯೇ ಕೆಟ್ಟಿತು. 1955ರಲ್ಲಿ ಬುಲೆಟ್ ಮದ್ರಾಸಿಗೆ ಬಂದು ನೆಲೆಸಿತು. ಇಲ್ಲಿ ಕಾಲಾಂತರದಲ್ಲಿ ಬಿಲ್ಲೆಯ ಕೆಲಸವನ್ನು ರಬ್ಬರಿನ ಕೊಳವೆ ವಹಿಸಿಕೊಂಡಿತು. ಅದರ ತುದಿ ಬಾತುಕೋಳಿಯ ಕೊಕ್ಕಿನಂತೆ, ಊದಿದರೆ ತೆರೆಯುತ್ತದೆ, ಹೀರಿದರೆ ಮುಚ್ಚಿಕೊಳ್ಳುತ್ತದೆ. ಬಹುದಿನ ನಿಂತ ಬುಲೆಟ್ಟಿನಲ್ಲಿ ಟ್ಯಾಂಕಿನ ಎಣ್ಣೆ ಪಂಪಿನ ಸಂದಿಯಿಂದ ಮೆಲ್ಲನೆ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ. ಒದ್ದು ಚಾಲೂ ಮಾಡಿದೊಡನೆ ಅದು ಈ ಕೊಕ್ಕಿನಿಂದ ವಾಂತಿಯಾಗುತ್ತದೆ. ಕಂಡವರು ಎಂಜಿನ್ನೇ ಕೆಟ್ಟಿತೆಂದು ಗಾಬರಿಗೊಳ್ಳುವುದುಂಟು. ಎಣ್ಣೆಯನ್ನು ಗುರುತಿಗಿಂತ ಹೆಚ್ಚು ಹೊಯ್ದರೂ ಇದೇ ಗತಿ.

ನಮ್ಮ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾಕ್ಕೆ ಈ ರೋಗವೇ ಇರಲಿಲ್ಲ. ಅದು ಟೂ ಸ್ಟ್ರೋಕ್. ಬುಲೆಟ್ ಯಾವ ಉಸಿರನ್ನು ಹೊರಹಾಕಲು ಒದ್ದಾಡುತ್ತದೋ, ಜಾವಾ ಅದನ್ನೇ ದುಡಿಸಿಕೊಳ್ಳುತ್ತದೆ: ಕ್ರ್ಯಾಂಕ್‌ಕೇಸೇ ಪಂಪು, ಪೆಟ್ರೋಲು ಬೆರೆತ ಗಾಳಿಯನ್ನು ಮೇಲಕ್ಕೆ ತಳ್ಳುವುದು ಅದೇ. ಆದರೆ ಪೆಟ್ರೋಲಿನಲ್ಲಿ ಕಲಸಿದ ಎಣ್ಣೆಯೆಲ್ಲ ಸೈಲೆನ್ಸರಿನಿಂದ ನೀಲಿ ಹೊಗೆಯಾಗಿ ಹೋಗುತ್ತಿತ್ತು. ನೆಲದ ಕೊಳೆ ಗಾಳಿಗೇರಿತು, ಅಷ್ಟೆ.

ಬ್ರೀದರಿನಿಂದ ಹೋದದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದ್ದು ಕಾರುಗಳ ನಗರವಾದ ಲಾಸ್ ಏಂಜಲೀಸ್. ಅನಾನಸಿನ ಪರಿಮಳವನ್ನು ವಿಶ್ಲೇಷಿಸುತ್ತಿದ್ದ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ರಸಾಯನವಿಜ್ಞಾನಿ, ಅದೇ ಉಪಕರಣಗಳನ್ನು ನಗರದ ಹೊಗೆಮಂಜಿನತ್ತ ತಿರುಗಿಸಿದರು. ಉರಿಯದ ಇಂಧನದ ಆವಿಯೂ ಬಿಸಿಲೂ ಸೇರಿ ಕಣ್ಣುರಿಸುವ ಆ ಮಂಜು ಹುಟ್ಟುತ್ತದೆಂದು 1950ರ ದಶಕದಲ್ಲಿ ತೋರಿಸಿಕೊಟ್ಟರು. ಆವಿಯಲ್ಲಿ ಒಂದು ಪಾಲು ಕ್ರ್ಯಾಂಕ್‌ಕೇಸಿನ ಕೊಡುಗೆಯೆಂದು ಆಮೇಲೆ ತಿಳಿಯಿತು. 1961ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯದಲ್ಲಿ ಅದನ್ನು ಎಂಜಿನ್ನಿಗೇ ಮರಳಿಸಿ ಉರಿಸುವ ಏರ್ಪಾಡು ಬಂತು. ಮೋಟಾರ್‌ಸೈಕಲ್ಲುಗಳ ಸರದಿ ಬರಲು ಇನ್ನೂ ಹತ್ತೊಂಬತ್ತು ವರ್ಷ ಬೇಕಾಯಿತು: 1980ರ ಮಾದರಿಯಿಂದ ಅಮೆರಿಕದಲ್ಲಿ ಹೊಸ ಬಂಡಿಯ ಕ್ರ್ಯಾಂಕ್‌ಕೇಸು ಬಯಲಿಗೆ ಉಸಿರುಬಿಡುವುದು ನಿಷಿದ್ಧವಾಯಿತು. ಈಗ ಕೊಳವೆ ಏರ್‌ಫಿಲ್ಟರಿನ ಡಬ್ಬಿಗೆ ಹೋಗುತ್ತದೆ. ಭಾರವಾದ ಎಣ್ಣೆ ದಾರಿಯಲ್ಲೇ ತಂಗುತ್ತದೆ, ಹಗುರವಾದ ಆವಿ ಉರಿಯುತ್ತದೆ.

ನನ್ನ ಮಿತ್ರರು ಕಾಲು ನೆಟ್ಟಗಾದ ಮೇಲೂ ಆ ಬುಲೆಟ್ಟನ್ನು ಮಾರಲಿಲ್ಲ. ಬಿರಡೆ ಕೀಳಿಸಿ, ಕೊಳವೆಯ ತುದಿಗೆ ಹಾರ್ಲಿಕ್ಸ್ ಶೀಸೆಯೊಂದನ್ನು ಕಟ್ಟಿದರು. ಭಾನುವಾರಕ್ಕೊಮ್ಮೆ ಅದನ್ನು ಬರಿದು ಮಾಡುತ್ತಿದ್ದರು. ಶೀಸೆ ಎಷ್ಟು ತುಂಬಿದೆಯೆಂದು ನೋಡಿ ಎಂಜಿನ್ನಿನ ಆರೋಗ್ಯ ಹೇಳುತ್ತಿದ್ದರು. ಅದು ಬುಧವಾರಕ್ಕೇ ತುಂಬಿದ ವಾರ ರಿಂಗು ಬದಲಿಸಿದರು. ರಂಗೋಲಿ ಆ ಮೇಲೆ ಕೆಡಲಿಲ್ಲ.