ವಿದ್ಯುತ್ ಕಾರು: ಒಂದು ಚಾರ್ಜಿಗೆ ಎಷ್ಟು ದೂರ?

ವಿದ್ಯುತ್ ಕಾರು ಕೊಳ್ಳಲು ಹೊರಟವರು ಬೆಲೆಗೂ ಮೊದಲು ಕೇಳುವ ಪ್ರಶ್ನೆ, ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಎಂಬುದು. ಹೆದ್ದಾರಿಯ ನಡುವೆ ಬ್ಯಾಟರಿ ಬರಿದಾದರೆ ಗತಿಯೇನು ಎಂಬ ಅಳುಕು ಈ ಪ್ರಶ್ನೆಯ ಹಿಂದಿದೆ. ಪೆಟ್ರೋಲ್ ಮುಗಿದರೆ ಕ್ಯಾನು ಹಿಡಿದು ಬಂಕಿಗೆ ನಡೆಯಬಹುದು. ವಿದ್ಯುತ್ತನ್ನು ಕ್ಯಾನಿನಲ್ಲಿ ತರಲಾಗದು. ಈ ಅಳುಕನ್ನು ದೇಶದಲ್ಲಿ ಮೊದಲು ಎದುರಿಸಿದ ನಗರಗಳಲ್ಲಿ ಬೆಂಗಳೂರು ಪ್ರಮುಖವಾದುದು. ಇಲ್ಲಿಯ ಎರಡು ದಶಕಗಳಿಗೂ ಮೀರಿದ ಅನುಭವವನ್ನು ಪರಿಶೀಲಿಸಿದರೆ, ಜಾಹೀರಾತಿನ ಕಿಲೋಮೀಟರಿಗಿಂತ ನಿತ್ಯದ ದಾರಿ ಮತ್ತು ರಾತ್ರಿಯ ಪ್ಲಗ್ ಪಾಯಿಂಟ್ ಹೆಚ್ಚು ನಿರ್ಣಾಯಕವೆಂಬುದು ತಿಳಿದುಬರುತ್ತದೆ.

ರೇವಾ: ಮೊದಲ ಹೆಜ್ಜೆ

ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಸಂಸ್ಥೆಯೂ ಕೈಜೋಡಿಸಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಸ್ಥಾಪಿಸಿದವು. ಇದರ ಸೂತ್ರಧಾರ ಚೇತನ್ ಮೈನಿ. ನಗರದ ದಕ್ಷಿಣದ ಬೊಮ್ಮಸಂದ್ರದಲ್ಲಿ ತಯಾರಾದ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತು. ಎರಡು ಬಾಗಿಲಿನ ಈ ಪುಟ್ಟ ಕಾರಿನ ಸೀಟಿನ ಕೆಳಗೆ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳಿದ್ದವು. ಪೂರ್ಣ ಚಾರ್ಜಿಗೆ ಸುಮಾರು 9 ಯುನಿಟ್ ವಿದ್ಯುತ್ತೂ 8 ಗಂಟೆ ಕಾಲವೂ ಬೇಕಾಗುತ್ತಿತ್ತು. ಕಂಪನಿ ಘೋಷಿಸಿದ ದೂರ 80 ಕಿ.ಮೀ.

2004ರಿಂದ ಇದೇ ಕಾರು ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಅಲ್ಲಿ 2003ರಲ್ಲಿ ಜಾರಿಯಾದ ದಟ್ಟಣೆ ಶುಲ್ಕದಿಂದ ವಿದ್ಯುತ್ ವಾಹನಗಳಿಗೆ ವಿನಾಯಿತಿ ಇದ್ದುದು ಇದಕ್ಕೆ ಅನುಕೂಲವಾಯಿತು. ಯುರೋಪಿನ ನಿಯಮಗಳಡಿ ಅದು ಪೂರ್ಣ ಪ್ರಮಾಣದ ಕಾರಾಗಿರದೆ ‘ಕ್ವಾಡ್ರಿಸೈಕಲ್’ ವರ್ಗದ ಚತುಶ್ಚಕ್ರ ವಾಹನವೆನಿಸಿಕೊಂಡಿತ್ತು; ಹೀಗಾಗಿ ಅದರ ಸುರಕ್ಷತೆಯ ಬಗ್ಗೆ ಅಲ್ಲಿ ಟೀಕೆಗಳೂ ಕೇಳಿಬಂದವು. ಸೀಸ-ಆಮ್ಲ ಬ್ಯಾಟರಿಯ ಆಯುಷ್ಯ ಕೆಲವೇ ವರ್ಷಗಳಿಗೆ ಸೀಮಿತವಾದುದರಿಂದ ಹೊಸ ಬ್ಯಾಟರಿಯ ಖರ್ಚು ಮಾಲೀಕರ ದೊಡ್ಡ ಚಿಂತೆಯಾಗಿತ್ತು. 2009ರಲ್ಲಿ ಬಂದ ಲಿಥಿಯಂ-ಅಯಾನ್ ಮಾದರಿ ದೂರವನ್ನು 120 ಕಿ.ಮೀ.ಗೆ ಏರಿಸಿತು.

ಒಂದು ಎಸ್ಸೆಮ್ಮೆಸ್ಸಿನ ಆಸರೆ

2009ರ ಫ್ರಾಂಕ್‌ಫರ್ಟ್ ವಾಹನ ಮೇಳದಲ್ಲಿ ರೇವಾ ಕಂಪನಿ ಹೊಸ ಮಾದರಿಗಳೊಂದಿಗೆ ‘ರಿವೈವ್’ ಎಂಬ ವ್ಯವಸ್ಥೆಯನ್ನೂ ಪ್ರಕಟಿಸಿತು. ದಾರಿಯಲ್ಲಿ ಚಾರ್ಜು ಮುಗಿದಾಗ ಮಾಲೀಕರು ಕಂಪನಿಯ ಸಹಾಯ ಕೇಂದ್ರಕ್ಕೆ ಫೋನು ಅಥವಾ ಎಸ್ಸೆಮ್ಮೆಸ್ ಮಾಡಿದರೆ, ಬ್ಯಾಟರಿಯಲ್ಲಿ ಮೊದಲೇ ಕಾದಿರಿಸಿದ ಅಲ್ಪ ಶಕ್ತಿಯನ್ನು ದೂರದಿಂದಲೇ ಬಿಡುಗಡೆ ಮಾಡಲಾಗುತ್ತಿತ್ತು. ಸ್ಕೂಟರಿನ ರಿಸರ್ವ್ ಪೆಟ್ರೋಲಿನಂತಹ ಏರ್ಪಾಡು ಇದು. ಇದರಿಂದ ಕಾರಿನ ಒಟ್ಟು ದೂರ ಒಂದಿಷ್ಟೂ ಹೆಚ್ಚಲಿಲ್ಲ. ಆದರೂ, ನಡುದಾರಿಯಲ್ಲಿ ಕೈಬಿಡದು ಎಂಬ ಭರವಸೆಗೆ ಕಿಲೋಮೀಟರಿನಷ್ಟೇ ಬೆಲೆಯುಂಟೆಂಬುದನ್ನು ತಯಾರಕರು ಅರಿತಿದ್ದರು ಎಂಬುದು ಗಮನಾರ್ಹ.

2010ರ ಮೇ ತಿಂಗಳಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯ ಶೇ. 55.2ರಷ್ಟು ಪಾಲನ್ನು ಕೊಂಡಿತು. 2013ರ ಮಾರ್ಚಿನಲ್ಲಿ ಬಿಡುಗಡೆಯಾದ ‘ಇ2ಒ’ ಕಾರಿಗೂ ಈ ರಿಸರ್ವ್ ವ್ಯವಸ್ಥೆ ಬಂದಿತು. ಅದರ ಘೋಷಿತ ದೂರ ಸುಮಾರು 100 ಕಿ.ಮೀ. ಇಂದು ರೇವಾ ಆಗಲಿ, ಇ2ಒ ಆಗಲಿ ತಯಾರಾಗುತ್ತಿಲ್ಲ.

ಹುಣಸಮಾರನಹಳ್ಳಿಯಿಂದ ಒಂದು ಲೆಕ್ಕ

ನಗರದ ಉತ್ತರ ತುದಿಯ ಹುಣಸಮಾರನಹಳ್ಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಿಮಾನ ನಿಲ್ದಾಣದ ಹೆದ್ದಾರಿಯಲ್ಲಿ ಯಲಹಂಕ ದಾಟಿದ ಮೇಲೆ ಸಿಗುವ ಈ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ತಾಂತ್ರಿಕ ಕಾಲೇಜಿದೆ. ಇಲ್ಲಿಂದ ಹೆಬ್ಬಾಳಕ್ಕೆ ಹೋಗಿ ಬರಲು ಸುಮಾರು 30 ಕಿ.ಮೀ., ಮೆಜೆಸ್ಟಿಕ್ಕಿಗೆ ಸುಮಾರು 50 ಕಿ.ಮೀ., ನಗರದ ಇನ್ನೊಂದು ತುದಿಯಾದ ಬೊಮ್ಮಸಂದ್ರಕ್ಕೆ ಸುಮಾರು 100 ಕಿ.ಮೀ. ಆಗುತ್ತದೆ.

ಹುಣಸಮಾರನಹಳ್ಳಿಯ ನಿವಾಸಿ ರೇವಾ ಕಾರಿನಲ್ಲಿ ಹೆಬ್ಬಾಳಕ್ಕೆ ನಿಶ್ಚಿಂತೆಯಿಂದ ಹೋಗಿ ಬರಬಹುದಿತ್ತು. ಆದರೆ ಅದೇ ಕಾರು ತಯಾರಾಗುತ್ತಿದ್ದ ಬೊಮ್ಮಸಂದ್ರಕ್ಕೆ ಹೋದರೆ, ನಡುವೆ ಚಾರ್ಜು ಮಾಡದೆ ಮನೆಗೆ ಮರಳುವಂತಿರಲಿಲ್ಲ. ಇ2ಒ ಕಾರಿಗೂ ಆ ದಾರಿ ಎದೆ ಹೊಡೆದುಕೊಳ್ಳುವಂತಹುದೇ.

ಈಗಿನ ಮಧ್ಯಮ ಗಾತ್ರದ ವಿದ್ಯುತ್ ಕಾರು 100 ಕಿ.ಮೀ.ಗೆ ಸರಿಸುಮಾರು 14 ಯುನಿಟ್ ಬಳಸುತ್ತದೆ ಎಂದಿಟ್ಟುಕೊಂಡರೆ, ಹೆಬ್ಬಾಳಕ್ಕೆ 4 ಯುನಿಟ್, ಮೆಜೆಸ್ಟಿಕ್ಕಿಗೆ 7 ಯುನಿಟ್, ಬೊಮ್ಮಸಂದ್ರಕ್ಕೆ 14 ಯುನಿಟ್ ಸಾಕು. ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಸುಮಾರು 3 ಯುನಿಟ್ ತುಂಬಿಸಬಹುದಾದುದರಿಂದ ಅತಿ ದೂರದ ದಾರಿಯ ಖರ್ಚನ್ನೂ 5 ಗಂಟೆಯಲ್ಲಿ ಭರ್ತಿ ಮಾಡಬಹುದು. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿ 30.2 ಯುನಿಟ್ಟಿನದು, ಪ್ರಯೋಗಾಲಯದ ಪ್ರಮಾಣಿತ ದೂರ 312 ಕಿ.ಮೀ. ಮೇಲಿನ ಲೆಕ್ಕದಲ್ಲಿ ಅದು 215 ಕಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಆದರೂ ನಗರವನ್ನು ಉದ್ದಕ್ಕೆ ಅಳೆದು ಹಿಂದಿರುಗಲು ಅದು ಧಾರಾಳ.

ದೂರವನ್ನು ಕುಗ್ಗಿಸುವ ಸಂಗತಿಗಳು

ಪ್ರಮಾಣಪತ್ರದ ಅಂಕಿಗೂ ರಸ್ತೆಯ ಅನುಭವಕ್ಕೂ ಅಂತರ ಏಕೆ? ನಿಗದಿತ ವೇಗದಲ್ಲಿ, ರೋಲರುಗಳ ಮೇಲೆ ಓಡಿಸಿ ಪಡೆದ ಅಂಕಿ ಅದು. ರಸ್ತೆಯಲ್ಲಿ ಮೂರು ಸಂಗತಿಗಳು ಮುಖ್ಯವಾಗುತ್ತವೆ.

ಮೊದಲನೆಯದು ವೇಗ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿ.ಮೀ. ಬದಲು 90 ಕಿ.ಮೀ. ವೇಗದಲ್ಲಿ ಹೋದರೆ ಪ್ರತಿರೋಧ ಎರಡೂಕಾಲು ಪಟ್ಟಾಗುತ್ತದೆ. ಹೀಗಾಗಿ ಪೆಟ್ರೋಲ್ ಕಾರಿಗೆ ಒಳ್ಳೆಯ ಮೈಲೇಜು ಕೊಡುವ ತೆರವಾದ ಹೆದ್ದಾರಿಯೇ ವಿದ್ಯುತ್ ಕಾರಿನ ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ.

ಎರಡನೆಯದು ಏಸಿ. ಹೆಬ್ಬಾಳದ ಜಾಮಿನಲ್ಲಿ ನಿಂತ ಪೆಟ್ರೋಲ್ ಕಾರಿನ ಎಂಜಿನ್ ಇಂಧನ ಸುಡುತ್ತಲೇ ಇರುತ್ತದೆ. ವಿದ್ಯುತ್ ಕಾರಿನ ಮೋಟಾರು ನಿಂತಾಗ ಏನನ್ನೂ ಬಳಸುವುದಿಲ್ಲ. ಏಸಿ ಹಾಕಿಕೊಂಡು ಒಂದು ಗಂಟೆ ನಿಂತರೂ ಖರ್ಚಾಗುವುದು ಹೆಚ್ಚುಕಡಿಮೆ ಒಂದು ಯುನಿಟ್, ಅಂದರೆ ಸುಮಾರು 7 ಕಿ.ಮೀ. ದಾರಿಯಷ್ಟು. ಜಾಮಿನಲ್ಲಿ ಚಾರ್ಜು ಮುಗಿದುಹೋಗುತ್ತದೆಂಬ ಭಯಕ್ಕೆ ಹೆಚ್ಚಿನ ಆಧಾರವಿಲ್ಲ.

ಮೂರನೆಯದು ಏರು. ಹುಣಸಮಾರನಹಳ್ಳಿಯ ಹೆದ್ದಾರಿಯೇ ಮುಂದೆ ನಂದಿಬೆಟ್ಟದತ್ತ ಸಾಗುತ್ತದೆ. ಬೆಟ್ಟದ ನೆತ್ತಿ ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಬೆಂಗಳೂರು ಸುಮಾರು 900 ಮೀಟರ್. ಪ್ರಯಾಣಿಕರೂ ಸೇರಿ 1,500 ಕಿಲೋ ತೂಗುವ ಕಾರನ್ನು ಅಷ್ಟೆತ್ತರಕ್ಕೆ ಎತ್ತಲು ಎರಡೂಕಾಲು ಯುನಿಟ್ಟಿಗೂ ತುಸು ಹೆಚ್ಚು ಶಕ್ತಿ ಬೇಕು. ಇದು ಸಮತಟ್ಟು ದಾರಿಯ 16-17 ಕಿ.ಮೀ.ಗೆ ಸಮ. ಇಳಿಯುವಾಗ ಮೋಟಾರು ಜನರೇಟರಿನಂತೆ ವರ್ತಿಸಿ ಇದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಪೆಟ್ರೋಲ್ ಕಾರಿನಲ್ಲಿ ಅದೇ ಶಕ್ತಿ ಬ್ರೇಕಿನ ಬಿಸಿಯಾಗಿ ಪೋಲಾಗುತ್ತದೆ.

ಹೈಬ್ರಿಡ್: ನಡುವಣ ದಾರಿ

ಎಂಜಿನ್ ಮತ್ತು ಮೋಟಾರು ಎರಡನ್ನೂ ಹೊಂದಿದ ಕಾರು ಹೈಬ್ರಿಡ್. 1997ರಲ್ಲಿ ಜಪಾನಿನಲ್ಲಿ ಬಂದ ಟೊಯೊಟಾ ಪ್ರಿಯಸ್ ಇದನ್ನು ಜನಪ್ರಿಯಗೊಳಿಸಿತು. ಬೆಂಗಳೂರಿನ ಸಮೀಪದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಯಿತು. 2022ರಲ್ಲಿ ಅನಾವರಣಗೊಂಡ ಇನೋವಾ ಹೈಕ್ರಾಸ್ ಕೂಡ ಬಿಡದಿಯದೇ.

ಇಲ್ಲಿ ಬ್ಯಾಟರಿ ಚಿಕ್ಕದು. ಬ್ರೇಕ್ ಹಾಕಿದಾಗಿನ ಶಕ್ತಿಯಿಂದಲೂ ಎಂಜಿನ್ನಿನಿಂದಲೂ ಅದು ತಾನೇ ತುಂಬಿಕೊಳ್ಳುತ್ತದೆ. ಪ್ಲಗ್ ಬೇಕಿಲ್ಲ, ದೂರದ ಭಯವಿಲ್ಲ. ನಿಂತು ಸಾಗುವ ನಗರ ಸಂಚಾರದಲ್ಲಿ ಉಳಿತಾಯ ಹೆಚ್ಚು. ಒಂದೇ ವೇಗದ ಹೆದ್ದಾರಿಯಲ್ಲಿ ಕಡಿಮೆ. ಆದರೆ ಅದರ ಶಕ್ತಿಯ ಮೂಲ ಪೆಟ್ರೋಲೇ ಎಂಬುದನ್ನು ಮರೆಯುವಂತಿಲ್ಲ. ಹೊರಗಿನಿಂದಲೂ ಚಾರ್ಜು ಮಾಡಬಹುದಾದ ಪ್ಲಗ್-ಇನ್ ಹೈಬ್ರಿಡ್ ಎಂಬ ಇನ್ನೊಂದು ಬಗೆಯೂ ಇದೆ.

ಹೊಂಗೆ, ಎಥನಾಲ್, ಜಲಜನಕ

ಬದಲಿ ಇಂಧನದ ಶೋಧ ರಾಜ್ಯಕ್ಕೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಉಡುಪಿ ಶ್ರೀನಿವಾಸ ಅವರ ತಂಡ ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸುವುದರ ಬಗ್ಗೆ ಕೆಲಸ ಮಾಡಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ರೂಪಿಸಿತು. ಕಬ್ಬು ಮತ್ತು ಧಾನ್ಯದ ಎಥನಾಲನ್ನು ಪೆಟ್ರೋಲಿಗೆ ಶೇ. 20ರಷ್ಟು ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಶಕ್ತಿಯಿರುವುದರಿಂದ ಮೈಲೇಜು ತುಸು ಇಳಿಯುತ್ತದೆ. 2023ರ ಆಗಸ್ಟಿನಲ್ಲಿ ಹೆಚ್ಚು ಎಥನಾಲಿನಿಂದಲೂ ಓಡಬಲ್ಲ ಇನೋವಾ ಹೈಬ್ರಿಡ್ಡಿನ ಪ್ರಾಯೋಗಿಕ ಮಾದರಿ ದೆಹಲಿಯಲ್ಲಿ ಪ್ರದರ್ಶನಗೊಂಡಿತು. ಜಲಜನಕದಿಂದ ಕಾರಿನೊಳಗೇ ವಿದ್ಯುತ್ ತಯಾರಿಸುವ ‘ಮಿರಾಯ್’ ಕಾರಿನ ಪರೀಕ್ಷೆ 2022ರಲ್ಲಿ ಆರಂಭವಾಯಿತು. ಇಂಧನ ತುಂಬುವ ಕೇಂದ್ರಗಳ ಅಭಾವವೇ ಅದರ ದೊಡ್ಡ ತೊಡಕು.

ಕೊಳ್ಳುವ ಮುನ್ನ

ಕರ್ನಾಟಕ 2017ರಲ್ಲಿ ದೇಶದಲ್ಲೇ ಮೊದಲಿಗೆ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. ಬೆಸ್ಕಾಂ 2018ರಲ್ಲಿ ಕೆ.ಆರ್. ವೃತ್ತದ ತನ್ನ ಕಚೇರಿಯಲ್ಲಿ ಚಾರ್ಜಿಂಗ್ ಕೇಂದ್ರ ತೆರೆಯಿತು. ಸಾರ್ವಜನಿಕ ಕೇಂದ್ರಗಳು ದೂರದ ಪ್ರಯಾಣಕ್ಕೆ ಆಸರೆ. ನಿತ್ಯದ ನೆಮ್ಮದಿ ಮನೆಯ ಪ್ಲಗ್ಗಿನಿಂದಲೇ ದೊರೆಯತಕ್ಕದ್ದು. ಸ್ವಂತ ಮನೆಯುಳ್ಳವರಿಗೆ ಅದು ಸುಲಭ. ಬಾಡಿಗೆ ಮನೆಯಲ್ಲಿರುವವರು ಮಾಲೀಕರನ್ನು, ಅಪಾರ್ಟ್‌ಮೆಂಟಿನಲ್ಲಿರುವವರು ನಿವಾಸಿಗಳ ಸಂಘವನ್ನು ಒಪ್ಪಿಸಬೇಕಾಗುತ್ತದೆ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವವರಿಗೆ 500 ಕಿ.ಮೀ. ಓಡುವ ಬ್ಯಾಟರಿಯೂ ಪೂರ್ಣ ಪರಿಹಾರವಲ್ಲ.

ಗಮನಿಸಬೇಕಾದ ಅಂಶಗಳು:

- ಒಂದು ವಾರ ನಿತ್ಯ ಓಡುವ ಕಿಲೋಮೀಟರುಗಳನ್ನು ಬರೆದಿಡಿ.
- ಘೋಷಿತ ದೂರದಲ್ಲಿ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕಿ.
- ಕಾರು ನಿಲ್ಲಿಸುವ ಜಾಗಕ್ಕೆ 15 ಆಂಪಿಯರ್ ಸಂಪರ್ಕ ಮತ್ತು ಸರಿಯಾದ ಅರ್ತಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿ.
- ಬ್ಯಾಟರಿಯ ವಾರಂಟಿ ಎಷ್ಟು ವರ್ಷ, ಎಷ್ಟು ಕಿ.ಮೀ. ಎಂಬುದನ್ನು ಲಿಖಿತವಾಗಿ ಪಡೆಯಿರಿ.
- ರಾತ್ರಿ ಚಾರ್ಜಿಗೆ ಅನುಕೂಲವಿಲ್ಲದಿದ್ದರೆ, ಅಥವಾ ಊರಿಂದೂರಿಗೆ ಓಡಾಟವೇ ಹೆಚ್ಚಿದ್ದರೆ, ಸದ್ಯಕ್ಕೆ ಹೈಬ್ರಿಡ್ ಕಾರನ್ನೂ ಹೋಲಿಸಿ ನೋಡಿ.